ಸ್ಟೇಬಲ್ ಅಂದ್ರ ಏನು?

ಕಳೆದ ತಿಂಗಳು ಒಂದು ರವಿವಾರ ಗೋಕಾಕದ ನಮ್ಮ ಓಣಿಯ ತುದಿಯಲ್ಲಿರುವ ಗಿರಣಿಗೆ ಜೋಳ ಬೀಸಿಸಿಕೊಂಡು ಬರಲು ಹೋಗಿದ್ದೆ. ಎಷ್ಟೋ ವರ್ಷಗಳಿಂದ ನಾನು ಗಿರಣಿಯ ಮೆಟ್ಟಿಲು ಹತ್ತಿರಲಿಲ್ಲ. ಹಿಟ್ಟನ್ನು ಅಂಗಡಿಯಿಂದ ಪಾಕೀಟಿನಲ್ಲಿ ತರುತ್ತಿದ್ದೆ, ಯಾರಾದರೂ ಕೇಳಿದರೆ ಪುರಸೊತ್ತಿಲ್ಲ ಎನ್ನುತ್ತಿದ್ದೆ. ಅಂದು ನನ್ನ ತಮ್ಮ ಹೊಸ ಜೋಳ ತಂದಿಟ್ಟು ಹೋಗಿದ್ದನಾದ್ದರಿಂದ ಹೋಗಲೇಬೇಕಾಯಿತು. ನನ್ನ ಡಬ್ಬಿ ತುಂಬಿದ ಮೇಲೆ ಮುಚ್ಚಳ ಹಾಕಲು ಬಗ್ಗಿದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಕೈ ಅಲ್ಲೇ ನಿಂತಿತು. ಹಿಂದಿದ್ದ ಹೆಂಗಸು, "ಸರೀರಿ ಬಾಯಾರ, ನಂದೂ ಐತಿ" ಎಂದಾಗಲೇ ನನಗೆ ಎಚ್ಚರ.

ನಾನು ಹುಟ್ಟಿ ಬೆಳೆದ ಮೂಡಲಗಿಯಲ್ಲಿ ನಮ್ಮ ಮನೆಗೆ ಗೋಡೆ ಹತ್ತಿಕೊಂಡೇ ಒಂದು ಗಿರಣಿ ಇತ್ತು. ಅದರ ಮಾಲಕರನ್ನು ಓಣಿಯೆಲ್ಲ ಗಿರಣಿ ಕಾಕಾ ಎನ್ನುತ್ತಿತ್ತು. ನಾನು ಜೋಳದ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವಷ್ಟು ದೊಡ್ಡವಳಾದಾಗಿನಿಂದ ಅವರನ್ನು ಬಲ್ಲೆ. ಹುಬ್ಬು, ಕಿವಿಯ ಕೂದಲು, ರೆಪ್ಪೆ ಎಲ್ಲ ಹಿಟ್ಟು. ಹಣೆಯ ಮೇಲಿನ ವಿಭೂತಿ ಯಾವುದು, ಹಿಟ್ಟು ಯಾವುದು ತಿಳಿಯುತ್ತಿರಲಿಲ್ಲ. ಕಿವಿ ಸ್ವಲ್ಪ ಮಂದ. ಗಿರಣಿಯ ಸದ್ದಿನಲ್ಲಿ ನಲವತ್ತು ವರ್ಷ ನಿಂತವರಿಗೆ ಅದು ಇದ್ದದ್ದೇ. ಆದ್ದರಿಂದ ಜನ ಮಾತಾಡುವಾಗ ಅವರು ಬಾಯನ್ನೇ ನೋಡುತ್ತಿದ್ದರು. ಎದುರಿನವರಿಗೆ ಅದು ಬಹಳ ಶ್ರದ್ಧೆಯಿಂದ ಕೇಳಿದಂತೆ ಕಾಣುತ್ತಿತ್ತು. ಕೇಳುತ್ತಲೂ ಇದ್ದರು.

ನಾನು ಬಿ.ಎ., ಬಿ.ಎಡ್. ಮುಗಿಸಿ ಊರಿನ ಹೈಸ್ಕೂಲಿಗೇ ಇಂಗ್ಲಿಷ್ ಶಿಕ್ಷಕಿಯಾಗಿ, ನಮ್ಮ ಕಡೆಯ ಮಾತಿನಲ್ಲಿ ಬಾಯಾರಾಗಿ, ಬಂದಾಗ ನನ್ನ ಅಪ್ಪನಿಗಿಂತ ಅವರಿಗೇ ಹೆಚ್ಚು ಹಿಗ್ಗು. ಅದುವರೆಗೆ "ಯವ್ವಾ" ಎನ್ನುತ್ತಿದ್ದವರು ಅಂದಿನಿಂದ ನಾಲ್ಕು ಜನರ ಎದುರು "ಬಾಯಾರ" ಎನ್ನತೊಡಗಿದರು. ಮೋಟಾರಿನ ಮೇಲೆ ಬರೆದದ್ದು, ಔಷಧದ ಚೀಟಿ, ಕರೆಂಟಿನ ನೋಟೀಸು, ಏನಿದ್ದರೂ ನನ್ನ ಮುಂದೆ ಹಿಡಿದು, "ನಮ್ಮ ಬಾಯಾರ ಹೇಳಿದ್ರ ಮುಗೀತು" ಎಂದು ಸುತ್ತಲಿನವರಿಗೆ ಹೇಳುತ್ತಿದ್ದರು. ನನಗೆ ಅದು ಸೇರುತ್ತಿತ್ತು. ಯಾವ ಶಬ್ದಕ್ಕೂ ನನಗೆ ಗೊತ್ತಿಲ್ಲ ಎಂದು ಅವರಿಗೆ ಒಮ್ಮೆಯೂ ಹೇಳಿದ ನೆನಪಿಲ್ಲ...

ಅವರಿಗೆ ಒಬ್ಬಳೇ ಮಗಳು. ನನಗಿಂತ ಆರು ವರ್ಷ ಸಣ್ಣವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಗಿರಣಿಯ ಮೋಟಾರು ಸುಟ್ಟಾಗಲೆಲ್ಲ ಹುಕ್ಕೇರಿಯಿಂದ ಒಬ್ಬ ವೈಂಡಿಂಗ್ ಮಿಸ್ತ್ರಿ ಬರುತ್ತಿದ್ದ. ಅವನ ಜಾತಿ ಬೇರೆ. ಅವಳು ಅವನನ್ನೇ ಮದುವೆಯಾಗುತ್ತೇನೆಂದಳು. ಕಾಕಾ ಬೈಯಲಿಲ್ಲ, ಹೊಡೆಯಲಿಲ್ಲ. "ಹೊಸ್ತಿಲ ದಾಟಿದ್ರ ತಿರುಗಿ ಬರಬ್ಯಾಡ" ಎಂದಷ್ಟೇ ಹೇಳಿದರು. ಅವಳು ದಾಟಿದಳು. ಬರಲಿಲ್ಲ. ನಾಲ್ಕು ವರ್ಷ ಅಪ್ಪ ಮಗಳ ನಡುವೆ ಮಾತಿಲ್ಲ. ಕಾಕಾನ ಹೆಂಡತಿ ಕಾಕಿ ಮಾತ್ರ ಹದಿನೈದು ದಿನಕ್ಕೊಮ್ಮೆ ನಮ್ಮ ಅಡಿಗೆಮನೆಗೆ ಬಂದು ನನ್ನ ಫೋನಿನಿಂದ ಮಗಳ ಸಂಗಡ ಮಾತಾಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋಗುತ್ತಿದ್ದಳು. ತಾಯಿ ಹಚ್ಚಿದಾಗ ಮಾತ್ರ ಮಾತು, ಮಗಳು ತಾನಾಗಿ ಮಾಡಬಾರದು. ಕಾಕಾನಿಗೆ ಗೊತ್ತಾದೀತು ಎಂದು ಅವರಿಬ್ಬರ ನಡುವೆ ಹಾಗೆ ಒಪ್ಪಂದವಿತ್ತು.

ಹನ್ನೊಂದು ವರ್ಷದ ಹಿಂದಿನ ದಸರಾ ಸೂಟಿಯಲ್ಲಿ ಒಂದು ಬೆಳಿಗ್ಗೆ ಕಾಕಿ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಒಂದು ಕಡೆಗೆ ವಾಲಿದಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಗೋಕಾಕದ ಒಂದು ಖಾಸಗಿ ದವಾಖಾನೆಗೆ ಒಯ್ದರು. ಐಸಿಯುದಲ್ಲಿ ಇಟ್ಟರು. ಎರಡನೆಯ ದಿನದಿಂದ ಅವಳು ಕಣ್ಣು ತೆರೆಯಲಿಲ್ಲ. ನನಗೆ ಸೂಟಿ ಇದ್ದದ್ದರಿಂದ ದಿನಾಲೂ ಬೆಳಗಿನ ಬಸ್ಸಿಗೆ ಕಾಕಾನ ಸಂಗಡ ಹೋಗುತ್ತಿದ್ದೆ. ತುಕ್ಕಾನಟ್ಟಿಯಿಂದ ಅವರ ಅಣ್ಣನ ಮಕ್ಕಳು ಬಂದು ಹೋಗಿ ಮಾಡುತ್ತಿದ್ದರು. ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಅವರ ಹಿಂದೆ ಯಾವಾಗಲೂ ಹತ್ತು ಜನ. ನಡೆಯುತ್ತಲೇ ಮಾತಾಡುತ್ತಿದ್ದರು. ಕಾಕಾನಿಗೆ ಅವರ ಬಾಯಿಯೂ ಕಾಣುತ್ತಿರಲಿಲ್ಲ, ಮುಖಕ್ಕೆ ಮಾಸ್ಕ್.

"ಪೇಷಂಟ್ ಸ್ಟೇಬಲ್ ಅದಾರ್ರಿ" ಎಂದು ಹೇಳಿ ಹೋಗುತ್ತಿದ್ದರು. ಮೂರನೆಯ ದಿನವೂ ಅದೇ, ನಾಲ್ಕನೆಯ ದಿನವೂ ಅದೇ.

ನಾಲ್ಕನೆಯ ದಿನ ಡಾಕ್ಟರು ದಾಟಿ ಹೋದ ಮೇಲೆ ಕಾಕಾ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು.

"ಯವ್ವಾ, ನಿನ್ನ ಫೋನಿನ್ಯಾಗ ಆಕಿ ನಂಬರ್ ಐತಲ್ಲ?"

ನಾನು ಗಾಬರಿಯಾಗಿ ಅವರ ಮುಖ ನೋಡಿದೆ.

"ನನಗ ಮೊದಲಿಂದ ಗೊತ್ತೈತಿ ತಗಿ. ನಿಮ್ಮ ಮನಿಯಿಂದ ಬಂದ ದಿವಸ ನಮ್ಮಾಕಿ ಎರಡ ರೊಟ್ಟಿ ಹೆಚ್ಚಿಗಿ ತಿಂತಿದ್ದಳು." ದನಿ ತಗ್ಗಿಸಿದರು. "ಆಕಿ ಬಸರಿ ಅದಾಳಂತ ಕೇಳೇನಿ. ಎಂಟರಾಗ ಬಿದ್ದೈತಿ. ಈ ಸುದ್ದಿ ಕೇಳಿ ಬಸ್ಸಿನ್ಯಾಗ ಜಿಗಿದು ಬಂದ್ರ ಏನರ ಆದೀತಂತ ಅಂಜಿಕಿ. ಹೇಳಲಿಲ್ಲಂದ್ರ... ಅವ್ವ ಮಗಳು ಮುಖ ನೋಡೂದು ತಪ್ಪೀತು. ನನಗೇನೂ ತಿಳೀವಲ್ದು."

ನಾನು ಫೋನು ತೆಗೆದಿದ್ದೆ. ಅವಳ ನಂಬರು ಪರದೆಯ ಮೇಲೆ ಬಂದಿತ್ತು. "ಹಚ್ಚಲೇನು ಕಾಕಾ?" ಎಂದೆ.

"ತಡಿ. ಮೊದಲ ಹೇಳು. ಆ ಡಾಕ್ಟರ್ ದಿನಾ ಅಂತಾರಲ್ಲ, ಸ್ಟೇಬಲ್ ಅಂತ. ಸ್ಟೇಬಲ್ ಅಂದ್ರ ಏನು?"

ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

ಆ ಶಬ್ದ ನನಗೆ ಗೊತ್ತಿತ್ತು. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೆ. ಕುದುರೆ ಕಟ್ಟುವ ಜಾಗಕ್ಕೂ ಅದೇ ಶಬ್ದ, ಸ್ಥಿರ ಎನ್ನುವುದಕ್ಕೂ ಅದೇ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳನ್ನು ನಗಿಸಿದ್ದೆ. ಸ್ಥಿರ ಅಂದರೆ ಇದ್ದ ಹಾಗೆಯೇ ಇರುವುದು. ನಿನ್ನೆ ಎಷ್ಟು ಕೆಟ್ಟಿತ್ತೋ ಇಂದೂ ಅಷ್ಟೇ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನಾಲ್ಕು ದಿನದಿಂದ ಒಂದು ತುತ್ತು ಸರಿಯಾಗಿ ಉಣ್ಣದ ಆ ಮುಖ, ಒಣಗಿದ ತುಟಿ... ಜೊತೆಗೆ, ನಿಜ ಹೇಳಬೇಕೆಂದರೆ, ನನಗೆ ಕೇಳಿದ ಕೂಡಲೇ ಸಮಾಧಾನವಾಗುವಂಥ ಉತ್ತರ ಕೊಟ್ಟು ರೂಢಿಯಾಗಿಬಿಟ್ಟಿತ್ತು.

"ಸ್ಟೇಬಲ್ ಅಂದ್ರ ಆರಾಮ ಆಗಾಕತ್ತಾರಂತ ಕಾಕಾ. ಗಾಬರಿ ಆಗೂದೇನಿಲ್ಲ" ಎಂದೆ.

ಅವರು ಗೋಡೆಗೆ ಒರಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಣ್ಣಲ್ಲಿ ನೀರು ಬಂತು. "ಖರೇನ?" ಎಂದರು. ನಾನು ಹೂಂ ಎಂದೆ.

"ಹಂಗಾರ ಫೋನ್ ಇಡು. ಈಗ ಬ್ಯಾಡ. ಬಸರಿ ಹೆಂಗಸಿನ ಎದಿ ಯಾಕ ಒಡಸೂದು. ಇಕಿ ಎದ್ದು ಕುಂದರ್ಲಿ. ಇಬ್ಬರೂ ಕೂಡೇ ಹುಕ್ಕೇರಿಗೆ ಹೋಗಿ ಆಕಿನ್ನ ಬಾಣಂತನಕ್ಕ ಕರಕೊಂಡ ಬರ್ತೀವಿ. ನಾನ ಹೋಗಿ ಕರೀತೇನಿ, ಯಾರೇನರ ಅನ್ನವಲ್ರ್ಯಾಕ."

ನಾನು ಫೋನನ್ನು ಪರ್ಸಿನಲ್ಲಿಟ್ಟೆ.

ಅಂದಿನಿಂದ ಆ ಶಬ್ದ ನಮ್ಮ ಓಣಿಗೆ ಬಂತು. ಕಾಕಾ ಬಸ್ಸಿಳಿದ ಕೂಡಲೇ ಜನ ಕೇಳುತ್ತಿದ್ದರು, ಅವರು ಬಲು ಜಾಗರೂಕತೆಯಿಂದ, ಒಂದೊಂದೇ ಅಕ್ಷರ ಕೂಡಿಸಿ, "ಸ್ಟೇಬಲ್ ಅದಾಳ್ರಿ" ಎನ್ನುತ್ತಿದ್ದರು. ಹೆಂಗಸರು ನಳದ ಹತ್ತಿರ ಅದನ್ನೇ ಹೇಳಿಕೊಳ್ಳುತ್ತಿದ್ದರು. ಎದುರು ಮನೆಯ ಮುದುಕಿ ಕಾಯಿಲೆಬಿದ್ದ ತನ್ನ ಎಮ್ಮೆ ಮೇವು ತಿಂದಿತೆಂದು, "ಸ್ಟೇಬಲ್ ಆತ ನೋಡವ್ವ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಲ್ಕೈದು ದಿನದಲ್ಲೇ ನಾನು ಕೊಟ್ಟ ಅರ್ಥ ಇಡೀ ಓಣಿಯ ಅರ್ಥವಾಗಿತ್ತು.

ಆರನೆಯ ದಿನ ದವಾಖಾನೆಯ ಬಾಗಿಲಲ್ಲಿ ಬೇರೊಬ್ಬರ ಕಡೆಯವನು, ಓದಿದ ಹುಡುಗ, ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳುತ್ತಿದ್ದ. ಡಾಕ್ಟರು ನಿಂತು ವಿವರಿಸಿದರು. "ಸ್ಟೇಬಲ್ ಅಂದ್ರ ಪಾರಾದ್ರು ಅಂತ ಅಲ್ಲರಿ. ಸ್ಟೇಬಲ್, ಬಟ್ ಕ್ರಿಟಿಕಲ್. ಇದ್ದಂಗ ಅದಾರ, ಯಾವ ಹೊತ್ತಿನ್ಯಾಗ ಏನಾಗತೈತೋ ಹೇಳಾಕ ಬರೂದಿಲ್ಲ. ನೋಡೂವ್ರನ್ನ ಕರಸ್ರಿ." ಅವರು ಹೇಳಿದ್ದು ಬೇರೆ ಪೇಷಂಟಿನ ಬಗ್ಗೆ. ಆದರೆ ಆ ಪೇಷಂಟು ಮಲಗಿದ್ದದ್ದು ಕಾಕಿಯ ಬಾಜೂ ಮಂಚದಲ್ಲಿ. ನಾನು ಡಾಕ್ಟರ ಹಿಂದೆ ಓಡಿ ಕಾಕಿಯ ಹೆಸರು ಹೇಳಿದೆ. "ಅವರದೂ ಅದ ರೀ" ಎಂದರು.

ಅಂದು ಕಾಕಾ ದವಾಖಾನೆಗೆ ಬಂದಿರಲಿಲ್ಲ. ನಾನೇ, ನೀವು ಒಂದು ದಿನ ಮನೆಯಲ್ಲಿದ್ದು ವಿಶ್ರಾಂತಿ ತಗೊಳ್ರಿ ಎಂದಿದ್ದೆ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬಂದೆ. ಗಿರಣಿಯ ಬಾಗಿಲು ತೆರೆದಿತ್ತು. ಕಾಕಾ ದಾಡಿ ಮಾಡಿಸಿಕೊಂಡಿದ್ದರು. ಬೀಸುವ ಕಲ್ಲು ಇಳಿಸಿಕೊಂಡು, ಉಳಿಯಿಂದ ಕಟಕಟ ಎಂದು ಅದಕ್ಕೆ ಹಲ್ಲು ಕೊರೆಯುತ್ತ ಕುಳಿತಿದ್ದರು. "ಬಾರವ್ವ. ಇಕಿ ಬರೂದರಾಗ ಕಲ್ಲ ತಯಾರ ಮಾಡಿಡತೇನಿ. ಬಾಣಂತಿಗೆ ಸಣ್ಣ ರವಾ ಬೇಕಾಗತೈತಿ. ಹೊರಗಿಂದ ತರಾಕ ಬರೂದಿಲ್ಲ" ಎಂದು ನಕ್ಕರು. ಆರು ದಿನದಲ್ಲಿ ಮೊದಲ ಸಲ ನಕ್ಕದ್ದು. ಊಟವನ್ನೂ ಮಾಡಿದ್ದರಂತೆ.

ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಸಾಲೆ ಶುರುವಾಯಿತು. ಅದರ ಮರುದಿನವೂ ಹೇಳಲಿಲ್ಲ... ಏಕೆ ಹೇಳಲಿಲ್ಲ ಎಂದು ಹನ್ನೊಂದು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ನಗು ಕಸಿಯಬಾರದೆಂಬ ಉತ್ತರ ಬಹಳ ದಿನ ನನ್ನನ್ನು ಕಾಯಿತು. ಅದು ಅರ್ಧ ಸುಳ್ಳು. ನಮ್ಮ ಬಾಯಾರಿಗೆ ಒಂದು ಇಂಗ್ಲಿಷ್ ಶಬ್ದದ ಅರ್ಥ ಸರಿಯಾಗಿ ಹೇಳಲು ಬರಲಿಲ್ಲ ಎಂದು ಅವರ ಎದುರು ಒಪ್ಪಿಕೊಳ್ಳಲು ನನಗೆ ಆಗಲಿಲ್ಲ. ಇಷ್ಟೇ ವಿಷಯ.

ಒಂಬತ್ತನೆಯ ದಿನ ಮುಂಜಾನೆ ಹನ್ನೊಂದರ ಸುಮಾರಿಗೆ, ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಕಾಕಿ ಹೋದಳು.

ಮಗಳಿಗೆ ಫೋನು ಹಚ್ಚಿದವಳು ನಾನೇ. ಅವಳು "ಏನಾಗಿತ್ತಕ್ಕಾ? ಯಾವಾಗಿಂದ?" ಎಂದು ಕೇಳಿದಳು. ಒಂಬತ್ತು ದಿನ ಎಂದೆ. ಅವಳು ಫೋನು ಇಟ್ಟಳು.

ಸಂಜೆ ನಾಲ್ಕಕ್ಕೆ ಒಂದು ಜೀಪಿನಲ್ಲಿ ಬಂದಳು. ಹೊಟ್ಟೆ ಹಿಡಿದುಕೊಂಡು ಇಳಿದಳು. ಕಾಕಿಯನ್ನು ಪಡಸಾಲೆಯ ಗೋಡೆಗೆ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಭಜನೆಯವರು ಹಾಡುವುದನ್ನು ನಿಲ್ಲಿಸಿದರು. ಅವಳು ತಾಯಿಯ ಕೆನ್ನೆ ಮುಟ್ಟಿದಳು. ಅಳಲಿಲ್ಲ. ತಿರುಗಿ ಅಪ್ಪನ ಎದುರು ನಿಂತಳು.

"ಒಂಬತ್ತ ದಿವಸ ದವಾಖಾನ್ಯಾಗ ಬಿದ್ದಿದ್ದಳಲ್ಲ ನಮ್ಮವ್ವ. ಒಂದ ಫೋನ್ ಹಚ್ಚಾಕ ನಿನಗ ಕೈ ಬರಲಿಲ್ಲೇನಪ್ಪಾ? ಇನ್ನೂ ಅಷ್ಟ ಸಿಟ್ಟೈತೇನು ನನ್ನ ಮ್ಯಾಲ? ಅವ್ವ ಸಾಯೂ ಮುಂದನೂ?"

ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ನೀನರ ಹೇಳಬಾರದಿತ್ತೇನು?"

ಕಾಕಾ ಒಮ್ಮೆ ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿದೆ. ಆಗ ಅವರು ಹೇಳಿದರು:

"ಆಕಿಗ್ಯಾಕ ಅಂತೀವ. ನಾನ ಬ್ಯಾಡ ಅಂದಿದ್ನಿ. ತಪ್ಪಾತವ್ವ."

ಬಸುರಿ ಹೆಂಗಸು ಮಣ್ಣಿಗೆ ಹೋಗಬಾರದೆಂದು ಹಿರಿಯರು ತಡೆದರು. ಅವಳು ತಾಯಿಯ ಕಾಲು ಹಿಡಿದು, ಒಂದು ಗುಟುಕು ನೀರನ್ನೂ ಕುಡಿಯದೆ ಅದೇ ಜೀಪು ಹತ್ತಿ ಹೋದಳು. ಕಾಕಿಯನ್ನು ತುಕ್ಕಾನಟ್ಟಿಯ ಅವರ ಹೊಲದಲ್ಲಿ ಮಣ್ಣು ಮಾಡಿದರು.

ಒಂದು ತಿಂಗಳಾದ ಮೇಲೆ ನಾನು ಬೀಸಿಸಲು ಹೋದಾಗ ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಮೋಟಾರು ಬಂದ್ ಮಾಡಿದರು. ಪಟ್ಟೆ ತಿರುಗಿ ತಿರುಗಿ ನಿಂತಿತು.

"ಯವ್ವಾ, ಈಗ ಹೇಳು. ಸ್ಟೇಬಲ್ ಅಂದ್ರ ಖರೇನ ಏನು?"

ಹೇಳಿದೆ. ಇದ್ದ ಹಾಗೆ ಇರುವುದು, ಹೆಚ್ಚೂ ಆಗದ್ದು, ಕಡಿಮೆಯೂ ಆಗದ್ದು. ಆರನೆಯ ದಿನ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಹೇಳುವಾಗ ಅತ್ತೆ. ಅವರು ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

"ಹಂಗಾರ ಡಾಕ್ಟರ್ ಸುಳ್ಳ ಹೇಳಿರಲಿಲ್ಲ" ಎಂದರು. ಆಮೇಲೆ, "ಯಾರ ಮುಂದೂ ಇದನ್ನ ಹೇಳಬ್ಯಾಡ. ನಿನ್ನ ನಂಬಿ ಹುಡುಗೋರು ಇಂಗ್ಲಿಷ್ ಕಲ್ಯಾಕತ್ತಾವ. ಇಲ್ಲಿ ಯಾರರ ಒಬ್ಬರ ಹೆಸರ ಕೆಟ್ರ ಸಾಕು" ಎಂದರು.

"ಆಕಿಗರ ಹೇಳ್ತೇನಿ ಕಾಕಾ."

"ಬ್ಯಾಡ. ನನ್ನ ಮ್ಯಾಲಿನ ಸಿಟ್ಟು ಹಳೇದು. ನಿನ್ನ ಮ್ಯಾಲ ಹೊಸಾದು ಯಾಕ?"

ಮತ್ತೆ ಮೋಟಾರು ಚಾಲೂ ಮಾಡಿ ನನ್ನ ಜೋಳ ಸುರಿದರು. ನನಗೆ ಆಗ ಅನ್ನಿಸಿದ್ದು ದುಃಖವಲ್ಲ. ಎದೆಯಿಂದ ಕಲ್ಲು ಇಳಿದಂತಾಯಿತು. ಹಾಗಾಯಿತಲ್ಲ ಎಂಬುದನ್ನೇ ನಾನು ಇಂದಿಗೂ ಸಹಿಸಲಾರೆ.

ಹುಕ್ಕೇರಿಯಲ್ಲಿ ಗಂಡುಮಗು ಹುಟ್ಟಿತು. ಕಾಕಾನಿಗೆ ಯಾರೂ ಹೇಳಿಕಳಿಸಲಿಲ್ಲ. ಅವರು ಗೋದಿಯ ಸಣ್ಣ ರವೆ ಬೀಸಿ, ಎರಡು ಸಲ ಜರಡಿ ಹಿಡಿದು, ಬಿಳಿಯ ಚೀಲದಲ್ಲಿ ಹೊಲಿದು ಬಸ್ಸಿನಲ್ಲಿ ಕಳಿಸಿದರು. ಮೂರನೆಯ ದಿನ ಚೀಲ ಹಾಗೆಯೇ ತಿರುಗಿ ಬಂತು, ಹೊಲಿಗೆ ಬಿಚ್ಚಿರಲಿಲ್ಲ. ಆಮೇಲೆ ಕೆಲವು ಸಲ ಅವರು ತಾವೇ ಹುಕ್ಕೇರಿಗೆ ಹೋಗಿ, ವೈಂಡಿಂಗ್ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಕುಳಿತು ಬರುತ್ತಿದ್ದರು. "ಕೂಸು ನಡ್ಯಾಕತ್ತೈತಿ" ಎಂದು ಒಮ್ಮೆ ನನಗೆ ಹೇಳಿದರು. ಒಳಗೆ ಹೋಗಲಿಲ್ಲವೇ ಎಂದು ಕೇಳಿದೆ. ಕಿವಿ ಕೇಳಿಸದವರಂತೆ ಕಲ್ಲಿನ ಹಿಟ್ಟು ಝಾಡಿಸತೊಡಗಿದರು.

ಮೂರು ವರ್ಷಕ್ಕೆ ಗಿರಣಿ ನಿಂತಿತು. ಐದನೆಯ ವರ್ಷ ಅವರಿಗೆ ಎದೆಯ ಬೇನೆ ಶುರುವಾಯಿತು. ದವಾಖಾನೆಗೆ ಬರಲು ಒಪ್ಪಲಿಲ್ಲ. "ಅಲ್ಲಿ ಹೇಳೂದು ನನಗ ತಿಳಿಯೂದಿಲ್ಲವ್ವ" ಎಂದರು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದು ಹೇಳಿದ್ದು. ಕೊನೆಯ ದಿನ ನಾನು ಅವರ ಮಂಚದ ಹತ್ತಿರ ನಿಂತೇ ಹುಕ್ಕೇರಿಗೆ ಫೋನು ಹಚ್ಚಿದೆ. "ಅಪ್ಪ ಉಳಿಯೂದಿಲ್ಲ, ಬಂದು ಹೋಗು" ಎಂದೆ. ಈ ಸಲ ಶಬ್ದದಲ್ಲಿ ಯಾವ ಸಂಶಯವೂ ಇರಲಿಲ್ಲ.

"ಅವ್ವನ ಸುದ್ದಿ ನನಗ ಹೆಂಗ ತಿಳಿಸಿದನೋ ಹಂಗ ಅವನ ಸುದ್ದೀನೂ ತಿಳಸಕ್ಕಾ. ಆದಮ್ಯಾಲ" ಎಂದು ಇಟ್ಟುಬಿಟ್ಟಳು.

ಆಗ ಹೇಳಬಹುದಿತ್ತು. ಮತ್ತೆ ಹಚ್ಚಿ, ತಪ್ಪು ನಂದು, ಅವರದಲ್ಲ ಎಂದರೆ ಅವಳು ಓಡಿ ಬರುತ್ತಿದ್ದಳು. ಅರ್ಧ ದಿನ ಸಮಯವಿತ್ತು. ಕಾಕಾ ಬೇಡವೆಂದಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಮಾತಿನ ಹಿಂದೆ ಅಡಗಿ ಕುಳಿತೆ. ಅವರು ಮಧ್ಯಾಹ್ನ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು, ಹಾಗೆಯೇ ಹೋದರು. ಅವಳು ಮಣ್ಣಿಗೂ ಬರಲಿಲ್ಲ. ಅದೂ ಆರು ವರ್ಷದ ಮಾತಾಯಿತು. ಮುಂದಿನ ವರ್ಷವೇ ನಾನು ಗೋಕಾಕಕ್ಕೆ ಬದಲಿ ಮಾಡಿಸಿಕೊಂಡು ಬಂದೆ.

ಕಳೆದ ತಿಂಗಳು ಗಿರಣಿಯಿಂದ ಮನೆಗೆ ಬಂದ ಮೇಲೆ ನನಗೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮುಂದಿನ ರವಿವಾರ ಹುಕ್ಕೇರಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅವಳೇ ಇದ್ದಳು. ಗಂಡ ಯಾವುದೋ ಹೊಲಕ್ಕೆ ಪಂಪ್‌ಸೆಟ್ ತರಲು ಹೋಗಿದ್ದನಂತೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ಬರ್ರಿ ಅಕ್ಕಾ" ಎಂದು ಸ್ಟೂಲು ಕೊಟ್ಟು, ಚಹಾ ತರಿಸುತ್ತೇನೆಂದಳು. ಬೇಡವೆಂದೆ. ಕುಳಿತುಕೊಂಡೇ ಎಲ್ಲ ಹೇಳಿದೆ. ಮೆಟ್ಟಿಲ ಹತ್ತಿರ ಅವಳ ನಂಬರು ತೆಗೆದದ್ದು, ಅವಳ ಅಪ್ಪ ಕೇಳಿದ್ದು, ನಾನು ಹೇಳಿದ್ದು, ಆರನೆಯ ದಿನ ತಿಳಿದೂ ಸುಮ್ಮನಿದ್ದದ್ದು, ಬಾಣಂತನಕ್ಕೆ ಕರೆದು ತರಲು ಕಾಕಾ ಕಲ್ಲು ತಯಾರು ಮಾಡಿದ್ದು. ಅವಳು ತಾಮ್ರದ ತಂತಿ ಸುತ್ತುತ್ತಿದ್ದಳು. ಕಲ್ಲಿನ ಮಾತು ಬಂದಾಗ ಕೈ ನಿಂತಿತು.

"ಅಪ್ಪಗ ಇದು ಗೊತ್ತಿತ್ತೇನು?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ದ?"

"ಹೂಂ."

ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅವಳು ಎದುರಿನ ಚಹಾದಂಗಡಿಯ ಕಡೆ ನೋಡಿದಳು.

"ಆ ಚಹಾದಂಗಡ್ಯಾಗ ಬಂದು ಕುಂದರತಿದ್ದ. ನಾನು ನೋಡಿದ್ನಿ. ಎಷ್ಟೋ ಸಲ ನೋಡಿದ್ನಿ. ನೋಡಿ ಬಾಗಲ ಮುಂದ ಮಾಡತಿದ್ನಿ." ತಂತಿ ಕೆಳಗಿಟ್ಟಳು. "ಈಗ್ಯಾಕ ಬಂದು ಹೇಳಿದ್ರಿ? ಅಂವ ಇದ್ದಾಗ ಹೇಳಲಿಲ್ಲ, ಸಾಯೂ ಮುಂದ ಹೇಳಲಿಲ್ಲ. ನಿಮ್ಮ ಎದಿ ಹಗುರ ಆಗ್ಲಂತ ಬಂದ್ರೇನು? ನನಗ ಸಿಟ್ಟರ ಇತ್ತು. ಹನ್ನೊಂದ ವರ್ಷ ಅದರ ಮ್ಯಾಲ ನಿಂತಿದ್ನಿ. ಈಗ ಅದೂ ಇಲ್ಲ. ನಾನೇನ ಮಾಡ್ಲಿ ಹೇಳ್ರಿ?"

ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದೆಂದು ಆಡಿದ ಮೇಲೆ ತಿಳಿಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪನ್ನ ಎಲ್ಲಿ ಮಣ್ಣ ಮಾಡ್ಯಾರ?"

"ತುಕ್ಕಾನಟ್ಟಿ ಹೊಲದಾಗ. ಕಾಕಿ ಬಾಜೂಕ. ನಾನು ಕರಕೊಂಡ ಹೋಗ್ತೇನಿ, ನೀ ಯಾವಾಗ ಅಂದ್ರ ಅವಾಗ."

"ನಿಮ್ಮ ಕೂಡ ಬರೂದಿಲ್ಲ. ದಾರಿ ಹೇಳ್ರಿ, ಸಾಕು."

ಹೇಳಿದೆ. ಎಲ್ಲಿ ಬಸ್ಸಿಳಿಯಬೇಕು, ಕಾಲುವೆ ದಾಟಿದ ಮೇಲೆ ಯಾವ ಕಡೆಗೆ ತಿರುಗಬೇಕು, ಎಷ್ಟು ಹೊಲ ಬಿಟ್ಟು ಒಳಗೆ ಇಳಿಯಬೇಕು, ಎರಡು ಗದ್ದಿಗೆಗಳಲ್ಲಿ ಯಾವುದು ಅಪ್ಪನದು. ನಿಧಾನವಾಗಿ, ಎರಡು ಸಲ ಹೇಳಿದೆ. ಅವಳು ಬಿಲ್ಲಿನ ಪುಸ್ತಕದ ಹಿಂದೆ ಬರೆದುಕೊಂಡಳು. ಬರೆದದ್ದನ್ನು ತಿರುಗಿ ಓದಿ ತೋರಿಸು ಎನ್ನಲೇ ಎಂದು ಬಾಯಿಗೆ ಬಂತು, ಕೇಳಲಿಲ್ಲ. ಅವಳು ಹಾಳೆ ಹರಿದು ಬ್ಲೌಜಿನಲ್ಲಿಟ್ಟುಕೊಂಡು, ತಂತಿಯ ಕಡೆ ತಿರುಗಿ ಕುಳಿತಳು. ನಾನು ಎದ್ದೆ. ಹೋಗಿಬರುತ್ತೇನೆ ಎಂದೆ. ಅವಳು ತಂತಿ ಸುತ್ತುತ್ತಲೇ ಇದ್ದಳು.

ಅವಳು ತುಕ್ಕಾನಟ್ಟಿಗೆ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ. ಕ್ಷಮಿಸಬಹುದಾಗಿದ್ದ ಒಬ್ಬರು ಕೇಳದೆಯೇ ಕ್ಷಮಿಸಿ ಹೊರಟುಹೋದರು, ಇನ್ನೊಬ್ಬಳು ಕ್ಷಮಿಸುವುದಿಲ್ಲ, ಅದು ಅವಳ ಹಕ್ಕು. ನಿನ್ನೆ ಎಂಟನೆಯ ತರಗತಿಯಲ್ಲಿ ಒಂದು ಹುಡುಗಿ ಎದ್ದು ನಿಂತು, ಪಾಠದಲ್ಲಿ ಬಂದ ಯಾವುದೋ ಶಬ್ದ ತೋರಿಸಿ, "ಇದರ ಅರ್ಥ ಏನ್ರಿ ಬಾಯಾರ?" ಎಂದಳು. ಸುಲಭದ ಶಬ್ದವೇ. ಇಡೀ ತರಗತಿ ನನ್ನ ಬಾಯನ್ನೇ ನೋಡುತ್ತಿತ್ತು. ನನಗೆ ತಟ್ಟನೆ ಹೇಳಲಾಗಲಿಲ್ಲ...